ಗೋಡೆಯೇ ಕಾಣದ ಕೋಟೆ: ಪೋರ್ಟ್ಸ್‌ಮತ್ ಬಳಿಯ ಫೋರ್ಟ್ ನೆಲ್ಸನ್ ಅನ್ನು ಓದುವುದು ಹೇಗೆ?

ಗುಡ್ಡದ ದಾರಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ಪೋರ್ಟ್ಸ್‌ಮತ್ ಬಂದರಿನ ಬೆನ್ನಿಗೆ, ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿರುವ ಪೋರ್ಟ್ಸ್‌ಡೌನ್ ಎಂಬ ಸೀಮೆಸುಣ್ಣದ ಕಲ್ಲಿನ ಗುಡ್ಡವಿದೆ. ಅದರ ನೆತ್ತಿಯ ಮೇಲೆ 1860ರ ದಶಕದಲ್ಲಿ ಕಟ್ಟಿದ ಐದು ದೊಡ್ಡ ಕೋಟೆಗಳ ಸಾಲಿದೆ. ಪಶ್ಚಿಮದಿಂದ ಎಣಿಸಿದರೆ ವಾಲಿಂಗ್ಟನ್, ನೆಲ್ಸನ್, ಸೌತ್‌ವಿಕ್, ವಿಡ್ಲಿ, ಪರ್ಬ್ರೂಕ್. ಇವುಗಳಲ್ಲಿ ಫೋರ್ಟ್ ನೆಲ್ಸನ್ ಈಗ ರಾಯಲ್ ಆರ್ಮರೀಸ್ ಸಂಸ್ಥೆಯ ಫಿರಂಗಿ ಸಂಗ್ರಹಾಲಯವಾಗಿದೆ. ಹತ್ತಿರದಲ್ಲೇ ಇರುವ ನೆಲ್ಸನ್ ಸ್ಮಾರಕದಿಂದ ಕೋಟೆಗೆ ಆ ಹೆಸರು ಬಂದಿದೆ.

ಕಳೆದ ವಾರ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಕಾರಿನಿಂದ ಇಳಿದವನೇ ಅವನು ಕೇಳಿದ ಮೊದಲ ಪ್ರಶ್ನೆ, "ಅಪ್ಪಾ, ಕೋಟೆ ಎಲ್ಲಿ?" ಎಂಬುದಾಗಿತ್ತು. ಚಿತ್ರದುರ್ಗದ ಏಳು ಸುತ್ತನ್ನು ನೋಡಿ ಬೆಳೆದ ನನಗೂ ಅದೇ ಅನುಮಾನ ಬಂದಿತ್ತು. ಎತ್ತರದ ಗೋಡೆಯಿಲ್ಲ, ಬುರುಜಿಲ್ಲ, ತೆನೆಗಳ ಸಾಲಿಲ್ಲ. ಉತ್ತರದ ಕಡೆಯಿಂದ ನೋಡಿದರೆ ಹುಲ್ಲು ಬೆಳೆದ ಒಂದು ದಿಬ್ಬ ಮಾತ್ರ ಕಾಣುತ್ತದೆ. ಅಂಚಿನವರೆಗೆ ನಡೆದು ಹೋದ ಮೇಲಷ್ಟೇ ಕಾಲ ಬುಡದಲ್ಲಿ ಆಳವಾದ ಒಣ ಕಂದಕ ಬಾಯ್ದೆರೆದುಕೊಂಡಿರುವುದು ತಿಳಿಯಿತು.

ಮುಂದಿನ ತಿಂಗಳು ಇಲ್ಲಿನ ಕೆಲವು ಕನ್ನಡ ಕುಟುಂಬಗಳು ಒಟ್ಟಾಗಿ ಅಲ್ಲಿಗೆ ಹೋಗುವವರಿದ್ದಾರೆ. ಅವರಿಗಾಗಿ ಎರಡು ಪುಟಗಳ ಪರಿಚಯವನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಬರೆಯಲು ಕುಳಿತಾಗ ಮೂರು ಕಡೆ ನಿಂತುಬಿಟ್ಟೆ. ಕೋಟೆಯೊಂದು ತನ್ನನ್ನು ತಾನೇ ಏಕೆ ಹೀಗೆ ಅಡಗಿಸಿಕೊಂಡಿದೆ? ಬಂದರನ್ನು ಕಾಯಬೇಕಾದ ಕೋಟೆ ಸಮುದ್ರಕ್ಕೆ ಬೆನ್ನು ಹಾಕಿ, ಉತ್ತರದ ಹೊಲಗಳತ್ತ ಏಕೆ ಮುಖ ಮಾಡಿದೆ? ಮತ್ತು ಕಂದಕದ ತಳದಲ್ಲಿ ಅಡ್ಡಲಾಗಿ ಕಟ್ಟಿರುವ, ಕಿರಿದಾದ ಕಂಡಿಗಳುಳ್ಳ, ಅಲ್ಲಿನವರು ಕ್ಯಾಪೊನಿಯರ್ ಎಂದು ಕರೆಯುವ ಆ ಕಟ್ಟಡದ ಕೆಲಸವೇನು, ಅದನ್ನು ಕನ್ನಡದಲ್ಲಿ ಏನೆನ್ನಬೇಕು? ತಿಳಿದವರು ದಯವಿಟ್ಟು ಸಾವಕಾಶವಾಗಿ ಬರೆಯಿರಿ, ಅವಸರವಿಲ್ಲ.


ಗಾರೆ ಮತ್ತು ಕಮಾನು

ಮಾನ್ಯರೇ, ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಈ ಸಾಲಿನ ಮೂರು ಕೋಟೆಗಳನ್ನು ನೋಡಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದೆರಡಕ್ಕೂ ದಾರಿ ತೆರೆಯುತ್ತದೆ.

1850ರ ದಶಕದ ಕೊನೆಗೆ ಎರಡು ಸಂಗತಿಗಳು ಬ್ರಿಟನ್ನಿನ ನಿದ್ದೆ ಕೆಡಿಸಿದವು. ಮೊದಲನೆಯದು, ಮೂರನೇ ನೆಪೋಲಿಯನ್ನನ ಫ್ರಾನ್ಸ್ 1859ರಲ್ಲಿ ನೀರಿಗಿಳಿಸಿದ ಲಾ ಗ್ಲೊಯಾರ್ ಎಂಬ ಕಬ್ಬಿಣದ ಕವಚದ ಯುದ್ಧನೌಕೆ. ಎರಡನೆಯದು, ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆ ಕೊರೆದ ಹೊಸ ಬಗೆಯ ಫಿರಂಗಿ. ಸುರುಳಿ ಗೆರೆಯಿಂದಾಗಿ ಗುಂಡು ತಿರುಗುತ್ತಾ ಹೋಗಿ ಹೆಚ್ಚು ದೂರವನ್ನು, ಹೆಚ್ಚು ನೇರವಾಗಿ ಕ್ರಮಿಸುತ್ತಿತ್ತು. ದೇಶದ ರಕ್ಷಣೆಯನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ಸರ್ಕಾರಿ ಆಯೋಗ 1860ರ ಆರಂಭದಲ್ಲಿ ವರದಿ ಕೊಟ್ಟಿತು. ಇಂತಹ ಫಿರಂಗಿಗಳು ಸುಮಾರು 8,000 ಗಜ ದೂರದಿಂದ, ಅಂದರೆ ಏಳು ಕಿಲೊಮೀಟರಿಗೂ ಆಚೆಯಿಂದ, ಹಡಗುಕಟ್ಟೆಯನ್ನು ಸುಡಬಲ್ಲವು ಎಂಬುದು ಅವರ ಲೆಕ್ಕವಾಗಿತ್ತು. ಈಗ ನಕ್ಷೆಯನ್ನು ನೋಡಿ. ಪೋರ್ಟ್ಸ್‌ಡೌನ್ ಗುಡ್ಡದಿಂದ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಇರುವುದು ಆರೇಳು ಕಿಲೊಮೀಟರ್. ಶತ್ರು ಬಂದರಿನ ಬಾಯಿಗೆ ಬರಬೇಕಾಗಿಯೇ ಇಲ್ಲ. ಕರಾವಳಿಯ ಬೇರೆಲ್ಲೋ ಸೈನ್ಯವನ್ನು ಇಳಿಸಿ, ನೆಲದ ದಾರಿಯಲ್ಲಿ ಸುತ್ತಿ ಬಂದು, ಈ ಗುಡ್ಡದ ನೆತ್ತಿಯನ್ನು ಹಿಡಿದುಕೊಂಡರೆ ಸಾಕು, ರಾಜ ನೌಕಾದಳದ ಬಹು ಮುಖ್ಯವಾದ ಹಡಗುಕಟ್ಟೆ ಅವನ ಅಂಗೈಯಲ್ಲಿರುತ್ತದೆ. ಆದ್ದರಿಂದ ಗುಡ್ಡವನ್ನು ಮೊದಲೇ ಹಿಡಿದು, ಉತ್ತರದಿಂದ ಬರುವವನಿಗಾಗಿ ಕಾಯುವುದೇ ಈ ಕೋಟೆಗಳ ಉದ್ದೇಶ. ಅವು ಬಂದರಿಗೆ ಬೆನ್ನು ತೋರಿಸಿ ನಿಂತಿರುವುದು ಬಾಗಿಲ ಕಾವಲಿನವನು ಮನೆಗೆ ಬೆನ್ನು ಮಾಡಿ ನಿಂತಂತೆ.

ಇನ್ನು ಅಡಗಿಕೊಳ್ಳುವ ವಿಷಯ. ಎತ್ತರದ ಕಲ್ಲಿನ ಗೋಡೆ ದೂರದಿಂದ ಕಾಣುವುದೇ ಅದಕ್ಕೆ ಮುಳುವಾಗುವ ಕಾಲ ಬಂದಿತ್ತು. 1862ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧದ ವೇಳೆ, ಜಾರ್ಜಿಯಾದ ಫೋರ್ಟ್ ಪುಲಾಸ್ಕಿ ಎಂಬ ಕೋಟೆಯ ಏಳೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆಯನ್ನು ಸುಮಾರು ಒಂದು ಮೈಲಿ ದೂರದಿಂದಲೇ ಸುರುಳಿ ಗೆರೆಯ ಫಿರಂಗಿಗಳು ಮೂವತ್ತು ಗಂಟೆಗಳಲ್ಲಿ ಒಡೆದು ತೂತು ಮಾಡಿದವು. ಅದಕ್ಕೂ ಮುಂಚೆ, 1854-55ರ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ರಷ್ಯನ್ನರ ಮಣ್ಣಿನ ದಿಬ್ಬಗಳು ತಿಂಗಳುಗಟ್ಟಲೆ ತಡೆದು ನಿಂತದ್ದನ್ನು ಬ್ರಿಟಿಷ್ ಎಂಜಿನಿಯರುಗಳು ಕಣ್ಣಾರೆ ಕಂಡಿದ್ದರು. ಕಲ್ಲು ಒಡೆಯುತ್ತದೆ; ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ, ರಾತ್ರಿ ಸಲಿಕೆ ಹಿಡಿದರೆ ಬೆಳಗಾಗುವಷ್ಟರಲ್ಲಿ ಅದನ್ನು ಮತ್ತೆ ಏರಿಸಬಹುದು. ಫೋರ್ಟ್ ನೆಲ್ಸನ್‌ನಲ್ಲಿ ಕಂದಕವನ್ನು ತೋಡಿದಾಗ ಸಿಕ್ಕ ಸೀಮೆಸುಣ್ಣದ ಕಲ್ಲನ್ನೇ ಒಳಗೆ ಸುರಿದು ದಿಬ್ಬ ಮಾಡಿದ್ದಾರೆ. ಹೀಗೆ ಒಂದೇ ಅಗೆತದಿಂದ ಆಳವೂ ಆಯಿತು, ಎತ್ತರವೂ ಆಯಿತು. ಗೋಡೆ ಇಲ್ಲ ಎಂದಿರಿ. ಗೋಡೆ ಇದೆ, ಆದರೆ ಅದು ನೆಲದ ಮಟ್ಟಕ್ಕಿಂತ ಕೆಳಗಿದೆ. ಕಂದಕದ ಒಳದಡವೇ ಆ ಕೋಟೆಯ ಗೋಡೆ, ಮತ್ತು ದೂರದ ಶತ್ರುವಿನ ಫಿರಂಗಿಗೆ ಅದರ ಒಂದು ಇಟ್ಟಿಗೆಯೂ ಕಾಣದು. ಈ ಕೋಟೆಯನ್ನು ಓದುವವರು ಕಂದಕದಿಂದ ಆರಂಭಿಸಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.


ಮಲೆನಾಡಿನವಳು

ಕಂದಕದಿಂದ ಆರಂಭಿಸಬೇಕು ಎಂಬ ಮಾತು ನನಗೆ ತುಂಬ ಹಿಡಿಸಿತು. ನಮ್ಮ ಊರು ಸಕಲೇಶಪುರದ ಕಡೆ. ಟಿಪ್ಪು ಸುಲ್ತಾನನು ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಶಾಲೆಯ ದಿನಗಳಿಂದ ಹತ್ತಿ ಇಳಿದವಳು ನಾನು. ಎಂಟು ಮೂಲೆಗಳ ನಕ್ಷತ್ರದ ಆಕಾರದ ಆ ಕೋಟೆಯನ್ನು ಈಗ ಡ್ರೋನ್ ಚಿತ್ರಗಳಲ್ಲಿ ನೋಡಿ ಎಲ್ಲರೂ ಬೆರಗಾಗುತ್ತಾರೆ, ಆದರೆ ಆ ಆಕಾರವು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ ಎಂಬುದನ್ನು ಹೇಳುವವರು ಕಡಿಮೆ. ನೇರ ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡ ಶತ್ರುವು ಮೇಲೆ ನಿಂತ ಕಾವಲಿನವನಿಗೆ ಕಾಣುವುದಿಲ್ಲ. ಆ ಕುರುಡು ಜಾಗವನ್ನು ಇಲ್ಲವಾಗಿಸಲು ಗೋಡೆಯನ್ನೇ ಮೂಲೆ ಮೂಲೆಯಾಗಿ ಮಡಿಚಿ, ಪ್ರತಿಯೊಂದು ಗೋಡೆಯ ಬುಡವನ್ನೂ ಪಕ್ಕದ ಮೂಲೆಯಿಂದ ನೋಡುವಂತೆ ಮಾಡಿದರು. ಫ್ರಾನ್ಸಿನ ವೊಬಾನ್ ಹದಿನೇಳನೆಯ ಶತಮಾನದಲ್ಲಿ ಪಕ್ವಗೊಳಿಸಿದ ಕ್ರಮವಿದು.

ಫೋರ್ಟ್ ನೆಲ್ಸನ್ನಿನ ನಕ್ಷೆ ನಕ್ಷತ್ರದಂತಿಲ್ಲ. ಅದು ಆರು ಬದಿಗಳ ಸರಳವಾದ ಬಹುಭುಜ. ಹಾಗಾದರೆ ಆ ಕುರುಡು ಜಾಗಕ್ಕೆ ಇಲ್ಲಿ ಏನು ಮಾಡಿದರು? ನಿಮ್ಮ ಮೂರನೆಯ ಪ್ರಶ್ನೆಯ ಆ ಇಟ್ಟಿಗೆ ಕಟ್ಟಡವೇ ಅದಕ್ಕೆ ಉತ್ತರವಿರಬಹುದೆಂದು ನನ್ನ ಊಹೆ. ಗಾರೆ ಮತ್ತು ಕಮಾನು ಅವರು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.


ಗಾರೆ ಮತ್ತು ಕಮಾನು

ನಿಮ್ಮ ಊಹೆ ಸರಿಯಾಗಿದೆ. ಹದಿನೆಂಟನೆಯ ಶತಮಾನದಲ್ಲಿ ಮೊಂಟಾಲೆಂಬೇರ್ ಎಂಬ ಫ್ರೆಂಚ್ ಎಂಜಿನಿಯರ್ ವೊಬಾನನ ಕ್ರಮವನ್ನು ಪ್ರಶ್ನಿಸಿದ. ಗೋಡೆಯನ್ನು ಮಡಿಚುವುದರಿಂದ ಜಾಗ ವ್ಯರ್ಥ, ಫಿರಂಗಿಗಳು ಚದುರಿಹೋಗುತ್ತವೆ, ಹೊರಗಿನ ಶತ್ರುವಿನ ಮೇಲೆ ಒಮ್ಮೆಗೆ ಹಾರಿಸಬಹುದಾದ ಗುಂಡುಗಳು ಕಡಿಮೆಯಾಗುತ್ತವೆ ಎಂಬುದು ಅವನ ವಾದ. ಅದರ ಬದಲು ಕೋಟೆಯ ಬದಿಗಳನ್ನು ನೇರವಾಗಿಟ್ಟು, ಮೇಲಿನ ಫಿರಂಗಿಗಳೆಲ್ಲವೂ ದೂರವನ್ನು ನೋಡಿಕೊಳ್ಳಲಿ, ಕಂದಕವನ್ನು ಕಾಯುವ ಕೆಲಸವನ್ನು ಕಂದಕದೊಳಗೇ ಕಟ್ಟಿದ ಬೇರೊಂದು ಕಟ್ಟಡಕ್ಕೆ ಒಪ್ಪಿಸಿದರಾಯಿತು ಎಂದ. ಅವನ ದೇಶದವರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ, ಪ್ರಷ್ಯದವರು ಹಾಕಿಕೊಂಡರು, ಅಲ್ಲಿಂದ ಅದು ಬ್ರಿಟನ್ನಿನ ರಾಯಲ್ ಎಂಜಿನಿಯರ್ಸ್ ಅಧಿಕಾರಿಗಳ ಕೈಗೆ ಬಂತು.

ಕ್ಯಾಪೊನಿಯರ್ ಎಂದರೆ ಆ ಕಾವಲುಗಟ್ಟಡ. ಫೋರ್ಟ್ ನೆಲ್ಸನ್ನಿನ ಉತ್ತರದ ತುದಿಯಲ್ಲಿ ಪೂರ್ಣ ಪ್ರಮಾಣದ್ದೊಂದು ಇದೆ. ಅದು ಎಡಕ್ಕೂ ಬಲಕ್ಕೂ, ಎರಡೂ ಕಡೆಯ ಕಂದಕದ ಉದ್ದಕ್ಕೂ ಗುಂಡು ಹಾರಿಸಬಲ್ಲದು. ಈಶಾನ್ಯ ಮತ್ತು ವಾಯವ್ಯ ಮೂಲೆಗಳಲ್ಲಿ ಅರ್ಧ ಪ್ರಮಾಣದವು, ಅಂದರೆ ಒಂದೇ ದಿಕ್ಕನ್ನು ನೋಡುವಂಥವು, ಇವೆ. ದಪ್ಪನೆಯ ಇಟ್ಟಿಗೆ ಕಮಾನಿನ ಸೂರು, ಅದರ ಮೇಲೆ ಮಣ್ಣು, ಗೋಡೆಯಲ್ಲಿ ಫಿರಂಗಿಗೆ ಅಗಲವಾದ ಕಂಡಿ, ಬಂದೂಕಿಗೆ ಸೀಳು ಕಂಡಿ. ಕಂದಕಕ್ಕೆ ಇಳಿದ ಸೈನಿಕರ ಗುಂಪಿನ ಮೇಲೆ ಇಲ್ಲಿಂದ ಹಾರಿಸುತ್ತಿದ್ದದ್ದು ಒಂದು ದೊಡ್ಡ ಗುಂಡನ್ನಲ್ಲ, ಹಾರುತ್ತಲೇ ಒಡೆದು ನೂರಾರು ಸಣ್ಣ ಗುಂಡುಗಳನ್ನು ಚೆಲ್ಲುವ ಡಬ್ಬಿಗಳನ್ನು. ಕಂದಕವು ನೇರವಾಗಿ, ಮರೆಯಿಲ್ಲದೆ ಇರುವುದು ಈ ಕಾರಣಕ್ಕೆ. ಅಡಗಲು ಅಲ್ಲಿ ಒಂದು ಮೂಲೆಯೂ ಇಲ್ಲ. ಅಲ್ಲಿ ನಿಂತು ಆ ಕಂಡಿಗಳನ್ನು ಎದುರಿಗೆ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಕಟ್ಟಿದವರ ಜಾಣ್ಮೆಯನ್ನು ಮೆಚ್ಚುವಾಗಲೂ ಇದು ಮನುಷ್ಯರ ಮೇಲೆ ಪ್ರಯೋಗಿಸಲು ಮಾಡಿದ ಜಾಣ್ಮೆ ಎಂಬುದನ್ನು ನಾನು ಮರೆಯಲಾರೆ.

ಈ ಏರ್ಪಾಟಿಗೆ ಒಂದು ದೊಡ್ಡ ದೌರ್ಬಲ್ಯವೂ ಇತ್ತು. ಮೇಲಿನಿಂದ ಓರೆಯಾಗಿ ಬೀಳುವ ಗುಂಡೊಂದು ಕ್ಯಾಪೊನಿಯರನ್ನು ಒಡೆದರೆ, ಕಂದಕದ ಆ ಬದಿಯೆಲ್ಲ ಕಾವಲಿಲ್ಲದೆ ಉಳಿಯುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಆ ಪದದ ಮೂಲ ಅರ್ಥ ಕೊಬ್ಬಿಸಲು ಸಾಕುವ ಹುಂಜಗಳ ಗೂಡು ಎಂದು. ಕಂಡಿಗಳುಳ್ಳ ತಗ್ಗಾದ ಕಟ್ಟಡವನ್ನು ನೋಡಿದ ಸೈನಿಕರಿಗೆ ಕೋಳಿಗೂಡು ನೆನಪಾಗಿದ್ದರೆ ಆಶ್ಚರ್ಯವಿಲ್ಲ.


ಬಯಲುಸೀಮೆ

ಇಲ್ಲಿಯವರೆಗಿನ ವಿವರಣೆಯನ್ನು ಆಸಕ್ತಿಯಿಂದ ಓದಿದೆ. ಆದರೆ ಒಂದು ಭಿನ್ನ ಅಭಿಪ್ರಾಯವನ್ನು ದಾಖಲಿಸಬೇಕೆನಿಸಿದೆ. ಈ ಕೋಟೆಗಳಿಗೆ ಇಂಗ್ಲೆಂಡಿನ ಜನ ಪಾಮರ್‌ಸ್ಟನ್ನನ ಮೂರ್ಖತನಗಳು ಎಂಬ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಮಿಷನ್ ಕೇಳಿದ್ದು 1 ಕೋಟಿ 18 ಲಕ್ಷ ಪೌಂಡ್‌ಗಳಿಗೂ ಹೆಚ್ಚಿನ ಹಣ. ಹಣಕಾಸಿನ ಹೊಣೆ ಹೊತ್ತಿದ್ದ ಗ್ಲ್ಯಾಡ್‌ಸ್ಟನ್ ಇದನ್ನು ಬಲವಾಗಿ ವಿರೋಧಿಸಿದರು, ರಾಜೀನಾಮೆಯ ಮಾತನ್ನೂ ಆಡಿದರು. ಪ್ರಧಾನಿ ಪಾಮರ್‌ಸ್ಟನ್ ರಾಣಿಗೆ ಬರೆದು, ಪೋರ್ಟ್ಸ್‌ಮತ್ತನ್ನೋ ಪ್ಲಿಮತ್ತನ್ನೋ ಕಳೆದುಕೊಳ್ಳುವುದಕ್ಕಿಂತ ಗ್ಲ್ಯಾಡ್‌ಸ್ಟನ್ನರನ್ನು ಕಳೆದುಕೊಳ್ಳುವುದೇ ಮೇಲು ಎಂಬ ಅಭಿಪ್ರಾಯ ತಿಳಿಸಿದರು. ಕೊನೆಗೆ ಮೊತ್ತವನ್ನು ಕಡಿತಗೊಳಿಸಿ, ಸಾಲ ಎತ್ತಿ ಕಟ್ಟಿದರು.

ಆಮೇಲೆ ಏನಾಯಿತು? 1870-71ರ ಯುದ್ಧದಲ್ಲಿ ಪ್ರಷ್ಯವು ಫ್ರಾನ್ಸನ್ನು ಸೋಲಿಸಿದಾಗ, ಯಾರ ಭಯದಿಂದ ಕಟ್ಟಿದರೋ ಆ ಭಯವೇ ಕರಗಿಹೋಯಿತು. ಪೋರ್ಟ್ಸ್‌ಡೌನ್ ಗುಡ್ಡದ ಮೇಲೆ ನೆಲದ ದಾಳಿ ಒಮ್ಮೆಯೂ ನಡೆಯಲಿಲ್ಲ. 1880ರ ದಶಕದಲ್ಲಿ ಹೊಸ ಸ್ಫೋಟಕಗಳನ್ನು ತುಂಬಿದ ಗುಂಡುಗಳು ಬಂದ ಮೇಲೆ ಇಟ್ಟಿಗೆ ಕಮಾನುಗಳ ಮೇಲಿನ ನಂಬಿಕೆಯೂ ಹೋಯಿತು. ಕಟ್ಟಿದ್ದು ಸೊಗಸಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಎರಡು ಪುಟಗಳಲ್ಲಿ ಈ ವ್ಯರ್ಥತೆಯ ಉಲ್ಲೇಖವೂ ಇರಬೇಕು. ವಾಸ್ತುವಿನ ಅಂದವನ್ನಷ್ಟೇ ಬರೆದರೆ ಓದುಗರಿಗೆ ಅರ್ಧ ಸತ್ಯವನ್ನು ಕೊಟ್ಟಂತಾಗುತ್ತದೆ.


ಗುಡ್ಡದ ದಾರಿ

ಬಯಲುಸೀಮೆಯವರೇ, ತಮ್ಮ ಮಾತನ್ನು ಖಂಡಿತ ಸೇರಿಸುತ್ತೇನೆ. ಆದರೆ ಮೂರ್ಖತನ ಎಂಬ ಪದವನ್ನು ಹಾಗೆಯೇ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಇವುಗಳು ತಪ್ಪು ದಿಕ್ಕಿಗೆ ಮುಖ ಮಾಡಿವೆ ಎಂಬ ಗೇಲಿಯೂ ಆ ಹೆಸರಿನ ಬೆನ್ನಿಗಿತ್ತು. ಆ ಗೇಲಿಯಲ್ಲಿ ಹುರುಳಿಲ್ಲ ಎಂಬುದನ್ನು ಮೇಲೆಯೇ ನೋಡಿದೆವು. ದಾಳಿ ನಡೆಯದಿದ್ದುದು ಕೋಟೆ ವ್ಯರ್ಥ ಎಂಬುದಕ್ಕೆ ಸಾಕ್ಷಿಯೋ, ಕೋಟೆ ತನ್ನ ಕೆಲಸ ಮಾಡಿತು ಎಂಬುದಕ್ಕೆ ಸಾಕ್ಷಿಯೋ ಎಂಬುದನ್ನು ಎರಡೂ ಕಡೆಯಿಂದ ವಾದಿಸಬಹುದು. ನಾನು ಆ ವಾದಕ್ಕೆ ಹೋಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಫೋರ್ಟ್ ನೆಲ್ಸನ್ ವಿಮಾನ ಹೊಡೆಯುವ ಫಿರಂಗಿಗಳ ಮದ್ದುಗುಂಡಿನ ಉಗ್ರಾಣವಾಯಿತು. ಫೋರ್ಟ್ ಸೌತ್‌ವಿಕ್‌ನ ಕೆಳಗೆ ಸುಮಾರು ನೂರು ಅಡಿ ಆಳದಲ್ಲಿ ತೋಡಿದ ಸುರಂಗಗಳಿಂದ 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿದಾಗಿನ ಸಂಪರ್ಕ ಕಾರ್ಯ ನಡೆಯಿತು. ಗುಡ್ಡವನ್ನು ಹಿಡಿದಿಟ್ಟುಕೊಂಡದ್ದು, ಕಟ್ಟಿದವರು ಊಹಿಸದ ಬಗೆಯಲ್ಲಿ, ಉಪಯೋಗಕ್ಕಂತೂ ಬಂತು.

ನಿನ್ನೆ ಒಬ್ಬನೇ ಮತ್ತೊಮ್ಮೆ ಹೋಗಿ ಬಂದೆ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಮದ್ದಿನ ಮನೆ. ದಕ್ಷಿಣ ಬದಿಯಲ್ಲಿರುವ ಸೈನಿಕರ ವಸತಿ ಸಾಲಿನಿಂದ ಹೊರಟ ಸುರಂಗವು ಅಂಗಳದ ಅಡಿಯಲ್ಲಿ ಗುಡ್ಡವನ್ನೇ ಕೊರೆದುಕೊಂಡು ಉತ್ತರದ ಕ್ಯಾಪೊನಿಯರ್‌ವರೆಗೆ ಹೋಗುತ್ತದೆ. ಆ ದಾರಿಯಲ್ಲೇ ಮದ್ದಿನ ಮನೆ ಸಿಗುತ್ತದೆ. ಅಂದರೆ ಒಬ್ಬ ಸೈನಿಕ ತನ್ನ ಮಂಚದಿಂದ ಎದ್ದು, ಒಮ್ಮೆಯೂ ಆಕಾಶವನ್ನು ನೋಡದೆ, ಶತ್ರುವಿಗೆ ಕಾಣದೆ, ಕೋಟೆಯ ಇನ್ನೊಂದು ತುದಿಯ ಫಿರಂಗಿಯ ಹಿಂದೆ ನಿಲ್ಲಬಹುದಾಗಿತ್ತು. ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು ನೋಡಿದವನಾದ್ದರಿಂದ ದಪ್ಪ ಗೋಡೆ ಇರುತ್ತದೆಂದು ಎಣಿಸಿದ್ದೆ, ಅದು ಇತ್ತು. ಎಣಿಸದೆ ಇದ್ದದ್ದು ದೀಪದ ಏರ್ಪಾಟು. ಮದ್ದು ತುಂಬಿದ ಕೋಣೆಗೆ ಬೆಂಕಿಯ ಕಿಡಿಯನ್ನೂ ತರುವಂತಿಲ್ಲ, ಆದರೆ ನೆಲದಡಿಯ ಕೋಣೆಗೆ ಬೆಳಕು ಬೇಕು. ಅದಕ್ಕಾಗಿ ಕೋಣೆಯ ಪಕ್ಕದಲ್ಲೇ ಬೇರೆಯಾದ ಒಂದು ಕಿರು ಓಣಿಯನ್ನು ಕಟ್ಟಿ, ನಡುವಿನ ಗೋಡೆಯಲ್ಲಿ ಗೂಡು ಮಾಡಿ, ಗೂಡಿಗೆ ದಪ್ಪ ಗಾಜು ಕೂರಿಸಿ, ದೀಪವನ್ನು ಗಾಜಿನ ಆಚೆ ಇಟ್ಟಿದ್ದಾರೆ. ದೀಪ ಹಚ್ಚುವವನು ಓಣಿಯಲ್ಲಿ ಓಡಾಡುತ್ತಾನೆ. ಮದ್ದು ಮುಟ್ಟುವವನು ಕೋಣೆಯಲ್ಲಿರುತ್ತಾನೆ. ಇಬ್ಬರೂ ಎಲ್ಲಿಯೂ ಸಂಧಿಸುವುದಿಲ್ಲ. ಮದ್ದಿನ ಕೋಣೆಗೆ ಹೋಗುವವನು ಹೊರಗಿನ ಕೋಣೆಯಲ್ಲಿ ತನ್ನ ಬಟ್ಟೆ ಮತ್ತು ಮೊಳೆ ಹೊಡೆದ ಬೂಟುಗಳನ್ನು ಕಳಚಿಟ್ಟು, ಬೇರೆ ಉಡುಪು ತೊಟ್ಟು ಒಳಗೆ ಹೋಗಬೇಕಿತ್ತು. ಗುಡಿಗೆ ಹೋಗುವಾಗ ಚಪ್ಪಲಿ ಬಿಡುವ ನಮ್ಮ ಮಕ್ಕಳಿಗೆ ಆ ಹೊಸ್ತಿಲಿನ ಅರ್ಥವನ್ನು ಹೇಳಿಕೊಡುವುದು ಸುಲಭವೆನಿಸಿತು, ಕಾರಣ ಬೇರೆಯಾದರೂ.

ಮೇಲಿನ ದಿಬ್ಬದಲ್ಲಿ ಮಣ್ಣು ಹೊದ್ದ ಕಮಾನುಗಳ ಕೆಳಗೆ ಕೆಲವು ಫಿರಂಗಿಗಳಿವೆ. ಅವಕ್ಕೆ ಹಾಕ್ಸೊ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿದೆ. ಹಿಂಬದಿ ತೆರೆದಿರುವುದರಿಂದ ಹೊಗೆ ಒಳಗೆ ನಿಲ್ಲುವುದಿಲ್ಲ. ಇದಿಷ್ಟು ಗೊತ್ತಾಯಿತು, ಹೆಚ್ಚು ಹೊತ್ತು ಅಲ್ಲಿ ನಿಲ್ಲಲು ಮಳೆ ಬಿಡಲಿಲ್ಲ.


ಕಡಲಂಚು

ಚರ್ಚೆ ಗುಡ್ಡದ ಮೇಲೆಯೇ ನಿಂತಿದೆ. ಅದೇ ಯೋಜನೆಯ ಕಡಲ ಕೋಟೆಗಳ ಬಗ್ಗೆಯೂ ಒಂದೆರಡು ಮಾತು ಸೇರಿಸಲು ಅಪ್ಪಣೆ ಕೊಡಿ. ನಾನು ಮಂಗಳೂರಿನವನು, ಬಂದರಿನ ಕಟ್ಟಡ ಕೆಲಸಗಳೊಂದಿಗೆ ಬಹಳ ವರ್ಷ ಕಳೆದವನು.

ಪೋರ್ಟ್ಸ್‌ಮತ್ ಮತ್ತು ವೈಟ್ ದ್ವೀಪದ ನಡುವಿನ ಸ್ಪಿಟ್‌ಹೆಡ್ ಜಲಸಂಧಿಯಲ್ಲಿ, ಮರಳದಿಬ್ಬಗಳ ಮೇಲೆ, ನಡುನೀರಿನಲ್ಲಿ ನಾಲ್ಕು ದುಂಡು ಕೋಟೆಗಳಿವೆ: ಸ್ಪಿಟ್‌ಬ್ಯಾಂಕ್, ಹಾರ್ಸ್ ಸ್ಯಾಂಡ್, ನೋ ಮ್ಯಾನ್ಸ್ ಲ್ಯಾಂಡ್, ಸೇಂಟ್ ಹೆಲೆನ್ಸ್. ಸಮುದ್ರದಿಂದ ಬರುವ ಕಬ್ಬಿಣದ ಹಡಗುಗಳಿಗೆ ಉತ್ತರ ಕೊಡಬೇಕಾದದ್ದು ಇವು. ಗುಡ್ಡದ ಕೋಟೆ ಮಣ್ಣಿನಲ್ಲಿ ಅಡಗಬಹುದು. ನೀರಿನ ನಡುವೆ ಅಡಗಲು ಮಣ್ಣೆಲ್ಲಿದೆ? ಆದ್ದರಿಂದ ಇಲ್ಲಿ ತತ್ತ್ವವೇ ತಿರುಗಿಬಿತ್ತು. ಕಡಲ ತಳದಲ್ಲಿ ಕಲ್ಲು ಮತ್ತು ಕಾಂಕ್ರೀಟಿನ ದುಂಡು ಅಡಿಪಾಯ ಹಾಕಿ, ಅದರ ಮೇಲೆ ಗ್ರಾನೈಟ್ ಗೋಡೆ ಎಬ್ಬಿಸಿ, ಗುಂಡೇಟು ಬೀಳುವ ಕಡೆಗೆ ಕಬ್ಬಿಣದ ಫಲಕಗಳನ್ನು ಹೊದಿಸಿದರು. ಹಾರ್ಸ್ ಸ್ಯಾಂಡ್ ಮತ್ತು ನೋ ಮ್ಯಾನ್ಸ್ ಲ್ಯಾಂಡ್ ಸುಮಾರು 200 ಅಡಿ ಅಡ್ಡಗಲದವು, ಎರಡು ಅಂತಸ್ತಿನ ಫಿರಂಗಿಗಳಿಗೆಂದು ಕಟ್ಟಿದವು. ಸ್ಪಿಟ್‌ಬ್ಯಾಂಕ್ ಬಂದರಿಗೆ ಹತ್ತಿರವಾದ್ದರಿಂದ ಅದಕ್ಕಿಂತ ಚಿಕ್ಕದು, ಅದರ ಕವಚ ಕಡಲ ಕಡೆಗೆ ಮಾತ್ರ. ಸುತ್ತ ಉಪ್ಪು ನೀರಿದ್ದರೂ ಕುಡಿಯುವ ನೀರಿಗಾಗಿ ಕಡಲ ತಳದ ಆಚೆಗೂ ಆಳವಾದ ಬಾವಿಯನ್ನು ಕೊರೆದು ಸಿಹಿನೀರು ಪಡೆದರು. ನನ್ನ ಮಟ್ಟಿಗೆ ಆ ಬಾವಿಗಳೇ ಈ ಯೋಜನೆಯ ಅತ್ಯಂತ ಧೈರ್ಯದ ಕೆಲಸ.

ಇನ್ನು ನಿಮ್ಮ ಪದದ ಪ್ರಶ್ನೆ. ನಮ್ಮ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ಟಿಪ್ಪುವಿನ ಕಾಲದ ಸುಲ್ತಾನ್ ಬತೇರಿ ಇದೆ. ಕಪ್ಪು ಕಲ್ಲಿನ ಕಾವಲು ಕಟ್ಟಡ, ಗೋಡೆಯಲ್ಲಿ ಫಿರಂಗಿಗೆ ಕಂಡಿಗಳು, ಅಡಿಯಲ್ಲಿ ಮದ್ದು ಇಡುವ ಜಾಗ. ಬತೇರಿ ಎಂಬ ಮಾತು ಹೊರಗಿನಿಂದ ಬಂದದ್ದಾದರೂ ಕರಾವಳಿಯ ಕನ್ನಡದಲ್ಲಿ ಬೇರು ಬಿಟ್ಟಿದೆ. ಕ್ಯಾಪೊನಿಯರ್ ಅನ್ನು ಕಂದಕದ ಬತೇರಿ ಎಂದು ಕರೆದರೆ ಹೇಗೆ?


ಮಲೆನಾಡಿನವಳು

ಕಂದಕದ ಬತೇರಿ ಎಂಬುದು ಕಿವಿಗೆ ಹಿತವಾಗಿದೆ, ಅರ್ಥವೂ ಸರಿಹೊಂದುತ್ತದೆ. ಕೊತ್ತಳ ಎಂದು ಬರೆಯುವ ಯೋಚನೆ ನನಗೂ ಬಂದಿತ್ತು, ಆದರೆ ಕೊತ್ತಳವು ಗೋಡೆಯಿಂದ ಹೊರಚಾಚಿ ಮೇಲೇಳುವಂಥದ್ದು. ಇದು ಗೋಡೆಯ ಬುಡದಲ್ಲಿ ಕುಳಿತುಕೊಳ್ಳುವಂಥದ್ದು. ಇಷ್ಟು ಸ್ಪಷ್ಟವಾದ ವ್ಯತ್ಯಾಸವಿರುವಾಗ ಹಳೆಯ ಪದವನ್ನು ಎಳೆದು ಹೊಂದಿಸುವುದು ಬೇಡ.


ಗಾರೆ ಮತ್ತು ಕಮಾನು

ನನ್ನ ಒಪ್ಪಿಗೆಯೂ ಇದೆ. ಇದೇ ಕಾಲದ ಇತರ ಕೋಟೆಗಳನ್ನು ನೋಡಲು ಬಯಸುವವರಿಗೆ ಇನ್ನು ಮೂರು ಹೆಸರುಗಳನ್ನು ಹೇಳಿ ನಿಲ್ಲಿಸುತ್ತೇನೆ.

ಪೋರ್ಟ್ಸ್‌ಮತ್ ಕೊಲ್ಲಿಯ ಆಚೆ ದಡದ ಗಾಸ್‌ಪೋರ್ಟ್‌ನಲ್ಲಿರುವ ಫೋರ್ಟ್ ಬ್ರಾಕ್‌ಹರ್ಸ್ಟ್ ಬಯಲಿನ ಮೇಲಿರುವುದರಿಂದ ಅದರ ಕಂದಕದಲ್ಲಿ ನೀರಿದೆ. ಹಿಂಬದಿಯಲ್ಲಿ ದುಂಡಾದ ಒಳಕೋಟೆಯೊಂದಿದೆ. ಹೊರಗಿನ ಸುತ್ತು ಬಿದ್ದರೂ ಒಳಗೆ ಸರಿದು ಕಾದಾಡಲು ಅದನ್ನು ಕಟ್ಟಿದ್ದು. ಪ್ಲಿಮತ್ತಿನ ಕ್ರೌನ್‌ಹಿಲ್ ಕೋಟೆಯನ್ನು ಯೋಜಿಸಿದವರು ಕ್ಯಾಪ್ಟನ್ ಡು ಕೇನ್. ಅಲ್ಲಿ ಗುಂಡು ಹಾರಿಸಿದ ಕೂಡಲೇ ಹಿಮ್ಮೆಟ್ಟಿ ತಾನಾಗಿಯೇ ಮರೆಗೆ ಇಳಿಯುವ ಮಾಂಕ್ರೀಫ್ ಫಿರಂಗಿಗಾಡಿ ಕೆಲಸ ಮಾಡುವ ಸ್ಥಿತಿಯಲ್ಲಿದೆ. ಅಡಗಿಕೊಳ್ಳುವ ತತ್ತ್ವವು ಕಟ್ಟಡದಿಂದ ಯಂತ್ರಕ್ಕೂ ದಾಟಿದ್ದನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಇದೇ ಡು ಕೇನ್ ಮುಂದೆ ಇಂಗ್ಲೆಂಡಿನ ಸೆರೆಮನೆಗಳ ಮುಖ್ಯಸ್ಥರಾಗಿ ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯನ್ನು ಯೋಜಿಸಿದರು. ಹೊರಗಿನವರು ಒಳಬಾರದ ಕಟ್ಟಡದಿಂದ ಒಳಗಿನವರು ಹೊರಹೋಗದ ಕಟ್ಟಡಕ್ಕೆ ಸಾಗಿದ ಈ ಬದುಕು ನನ್ನನ್ನು ಅನೇಕ ಬಾರಿ ಯೋಚನೆಗೆ ಹಚ್ಚಿದೆ. ಮೂರನೆಯದು ಸಸೆಕ್ಸಿನ ನ್ಯೂಹೇವನ್ ಕೋಟೆ. ಅದನ್ನು ಯೋಜಿಸಿದವರು ಇನ್ನೂ ಇಪ್ಪತ್ತರ ಆರಂಭದ ವಯಸ್ಸಿನಲ್ಲಿದ್ದ ಲೆಫ್ಟಿನೆಂಟ್ ಆರ್ಡಾ. ಬ್ರಿಟನ್ನಿನ ಕೋಟೆ ನಿರ್ಮಾಣದಲ್ಲಿ ಕಾಂಕ್ರೀಟನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲ ಸ್ಥಳವೆಂದು ಅದು ಹೆಸರಾಗಿದೆ. ಗಾರೆಯ ಕಾಲ ಮುಗಿಯುತ್ತಾ ಬಂದದ್ದರ ಗುರುತು ಅದು.


ಬಯಲುಸೀಮೆ

ಪದದ ವಿಚಾರದಲ್ಲಿ ನನ್ನದೂ ಒಪ್ಪಿಗೆ. ವಿಜಯಪುರದವನಾಗಿ ಒಂದು ಸಂಗತಿಯನ್ನು ನೆನಪಿಸಬೇಕು. ಫೋರ್ಟ್ ನೆಲ್ಸನ್ನಿನ ಸಂಗ್ರಹದಲ್ಲಿ 1464ರಲ್ಲಿ ಎರಕ ಹೊಯ್ದ ತುರ್ಕರ ದೊಡ್ಡ ಕಂಚಿನ ಫಿರಂಗಿ ಇದೆ. ಡಾರ್ಡನೆಲ್ಸ್ ಫಿರಂಗಿ ಎಂದು ಅದರ ಹೆಸರು. ಎರಡು ತುಂಡುಗಳನ್ನು ತಿರುಪಿನಂತೆ ತಿರುಗಿಸಿ ಜೋಡಿಸಿದ್ದು, ತೂಕ ಸುಮಾರು 17 ಟನ್. 1866ರಲ್ಲಿ ಉಸ್ಮಾನಿ ಸುಲ್ತಾನ ಅಬ್ದುಲ್ ಅಜೀಜ್ ಅದನ್ನು ರಾಣಿ ವಿಕ್ಟೋರಿಯಾಗೆ ಕಾಣಿಕೆ ಕೊಟ್ಟ. ನಮ್ಮ ಸಿಂಹದ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ಅನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಯಲ್ಲಿ ರೂಮಿ ಎಂದಿದೆ, ಅಂದರೆ ಅವನೂ ಆ ತುರ್ಕ ನೆಲದ ಕಸುಬಿಗೆ ಸೇರಿದವನು. ಎರಡನ್ನೂ ನೋಡಿದವರಿಗೆ ಅದು ದೂರದ ನೆಂಟರ ಮನೆಗೆ ಹೋದಂತಿರುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ.


ಗುಡ್ಡದ ದಾರಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ಬರಹದ ಕ್ರಮವನ್ನೇ ಬದಲಾಯಿಸಿದ್ದೇನೆ. ಮೊದಲು ರಾಯಲ್ ಕಮಿಷನ್ನಿನಿಂದ ಆರಂಭವಾಗಿದ್ದ ಪುಟವು ಈಗ ಕಂದಕದ ಅಂಚಿನಿಂದ ಆರಂಭವಾಗುತ್ತದೆ. ಕುಟುಂಬಗಳನ್ನು ಮೊದಲು ಉತ್ತರದ ಕಡೆಗೆ ಕರೆದೊಯ್ದು ಹುಲ್ಲಿನ ದಿಬ್ಬವನ್ನು ತೋರಿಸುವುದು, ಅಲ್ಲಿಂದ ಕಂದಕ, ಕಂದಕದ ಬತೇರಿ, ಸುರಂಗದ ಮೂಲಕ ಮದ್ದಿನ ಮನೆ, ಕೊನೆಗೆ ದಕ್ಷಿಣದ ವಸತಿ ಸಾಲಿನ ಬಳಿ ನಿಂತು ಕೆಳಗಿನ ಬಂದರನ್ನು ನೋಡುವುದು, ಹೀಗೆ ಶತ್ರು ಬರಬೇಕಾಗಿದ್ದ ದಾರಿಯಲ್ಲೇ ಕೋಟೆಯನ್ನು ದಾಟಿಸುವ ಯೋಚನೆ. ಖರ್ಚಿನ ಮಾತು, ಗ್ಲ್ಯಾಡ್‌ಸ್ಟನ್ನರ ವಿರೋಧ, 1979ರಲ್ಲಿ ಹ್ಯಾಂಪ್‌ಶೈರ್ ಕೌಂಟಿ ಕೌನ್ಸಿಲ್ ಪಾಳುಬಿದ್ದ ಈ ಕೋಟೆಯನ್ನು ಕೊಂಡು ದುರಸ್ತಿಗೆ ಕೈಹಾಕಿದ್ದು, ಇವೆಲ್ಲ ಎರಡನೆಯ ಪುಟದಲ್ಲಿವೆ.

ಮಗನಿಗೆ ಕರಡನ್ನು ಓದಿ ಹೇಳಿದೆ. ಕುರುಡು ಜಾಗ ಎಂದರೇನು ಎಂದು ಕೇಳಿದ. ಅಡುಗೆಮನೆಯ ಮೇಜಿನ ಮೇಲೆ ನಿಲ್ಲಿಸಿ, ಮೇಜಿನ ಕಾಲಿಗೆ ಅಂಟಿ ಕುಳಿತ ತಂಗಿಯನ್ನು ಬಗ್ಗದೆ ನೋಡು ಎಂದೆ. ಅವಳು ಅವನಿಗೆ ಕಾಣಲಿಲ್ಲ. ಪಕ್ಕದ ಬಾಗಿಲಲ್ಲಿ ನಿಂತಿದ್ದ ಅವರಮ್ಮನಿಗೆ ಇಬ್ಬರೂ ಕಾಣುತ್ತಿದ್ದರು. "ಅಮ್ಮನೇ ಬತೇರಿ" ಎಂದ.